ಮುಷ್ಕರವನ್ನು ರಜೆ ಎಂದು ತಿದ್ದಿದವರಿಗೆ

ಶನಿವಾರದ ಕನ್ನಡ ತರಗತಿಯ ಮಾನ್ಯ ಮುಖ್ಯಸ್ಥರೇ,

ನನ್ನ ಮಗಳು ಪ್ರಾರ್ಥನಾ, ತರಗತಿಯ ವಾರ್ಷಿಕೋತ್ಸವಕ್ಕೆಂದು ಬರೆದ ಭಾಷಣವನ್ನು ನೀವು ತಿದ್ದಿ ಕಳಿಸಿದ್ದೀರಿ. ಕಾಗುಣಿತ ತಿದ್ದಿದ್ದರೆ ಕೈಮುಗಿಯುತ್ತಿದ್ದೆ. ನೀವು ತಿದ್ದಿದ್ದು ಒಬ್ಬ ಮನುಷ್ಯನ ಬದುಕನ್ನು.

ಆತ ಅವಳ ಸ್ವೀಡನ್ ಸಹಪಾಠಿಯ ಮುತ್ತಜ್ಜ, ನಿಲ್ಸ್. ಮೊದಲ ಮಹಾಯುದ್ಧ ಮುಗಿದ ಮೇಲೆ ಮರದ ಮಿಲ್ಲಿನಲ್ಲಿ ಮುಷ್ಕರ ನಡೆಸಿ ಜೈಲಿಗೆ ಹೋದ ಕಮ್ಯುನಿಸ್ಟ್. ಆಮೇಲೆ ಸಂಸತ್ತಿಗೂ ಆರಿಸಿ ಬಂದ. ಮಾಸ್ಕೋದ ಮಾತಿಗೆಲ್ಲ ಹೂಂಗುಟ್ಟಲಿಲ್ಲವೆಂದು ಕಡೆಗೆ ಸ್ವಂತ ಪಕ್ಷವೇ ಆತನನ್ನು ಹೊರಹಾಕಿತು. ನಿಮ್ಮ ಕೆಂಪು ಪೆನ್ನಿನಲ್ಲಿ ಆತ 'ಸಮಾಜಸೇವಕ'ನಾದ, ಉಚ್ಚಾಟನೆ 'ನಿವೃತ್ತಿ'ಯಾಯಿತು, ಮುಷ್ಕರ 'ರಜೆ'ಯಾಯಿತು. ಈಗಿರುವ ವಾಕ್ಯ ಹೀಗಿದೆ: "ಕಾರ್ಮಿಕರು ಮೂರು ವಾರ ರಜೆ ಹಾಕಿದರು, ಪೊಲೀಸರು ಬಂದರು." ಸ್ವಾಮೀ, ಸಮಾಜಸೇವಕರಿಗೆ ಆ ದೇಶದಲ್ಲಿ ಜೈಲಿನಲ್ಲಿಟ್ಟು ಸನ್ಮಾನ ಮಾಡುತ್ತಿದ್ದರೇ?

ಫೋನಿನಲ್ಲಿ ಕೇಳಿದಾಗ ನೀವೆಂದಿರಿ: "ನಾವಿರುವುದು ಗಲ್ಫಿನಲ್ಲಿ, ಬೇರೆಯವರ ದೇಶದಲ್ಲಿ ಮಾರಾಯ್ರೆ. ಮಕ್ಕಳ ಪ್ರೋಗ್ರಾಮಿನಲ್ಲಿ ಅದೆಲ್ಲ ಯಾಕೆ? ಒಂದು ಶಬ್ದ ಅಲ್ವಾ, ಖಲಾಸ್."

ಒಂದು ಶಬ್ದ, ನಿಜ. ನನ್ನ ತಾಯಿ ಅಪ್ಪಿ ಮಂಗಳೂರಿನಲ್ಲಿ ಬೀಡಿ ಕಟ್ಟುತ್ತಿದ್ದವರು. ಮುಷ್ಕರ ಹೂಡಿ ಎರಡು ದಿನ ಲಾಕಪ್ಪಿನಲ್ಲಿದ್ದುದನ್ನು ಮೊಮ್ಮಗಳಿಗೆ ಹೆಮ್ಮೆಯಿಂದ ಹೇಳಿದ್ದಾರೆ. ನಿಮ್ಮ ತಿದ್ದುಪಡಿ ಓದಿದ ಪ್ರಾರ್ಥನಾ ಕೇಳಿದಳು: "ಡ್ಯಾಡಿ, ವಾಸ್ ಅಜ್ಜಿ ಆಲ್ಸೋ ಆನ್ ಲೀವ್?" ಇದನ್ನೇ ಓದಬೇಕಾದರೆ ವೇದಿಕೆ ಹತ್ತುವುದಿಲ್ಲವೆಂದು ಹಟ ಹಿಡಿದಿದ್ದಾಳೆ.

ನಿಮ್ಮ ಭಯ ನನಗೆ ಅರ್ಥವಾಗದ್ದೇನಲ್ಲ. ಇಲ್ಲಿನ ಅಲ್ ಕೂಜ್ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ನಾನು ಸೂಪರ್‌ವೈಸರ್. ಒಂದು ಜುಲೈಯಲ್ಲಿ, ಕಾರ್ಮಿಕರನ್ನು ಕರೆತರುವ ಬಸ್ಸಿನ ಎಸಿ ಕೆಟ್ಟು ವಾರವಾದರೂ ಯಾರೂ ಕೇಳದಿದ್ದಾಗ, ಈಗ ಊರು ಸೇರಿರುವ ಮೊಯ್ದಿನಬ್ಬ ಮತ್ತು ಎಂಟು ಮಂದಿ ಕೆಲಸಕ್ಕೆ ಬರುವುದಿಲ್ಲವೆಂದು ರೂಮಿನಲ್ಲೇ ಕುಳಿತರು. ಇಲ್ಲಿ ಮುಷ್ಕರ ಅಪರಾಧವಾದ್ದರಿಂದ ಹಾಜರಿ ಪುಸ್ತಕದಲ್ಲಿ ನಾನೇ 'ರಜೆ' ಎಂದು ಬರೆದೆ. ಅವರ ವೀಸಾ ಉಳಿಯಿತು, ನನ್ನದೂ. ಎಸಿ ಮಾತ್ರ ಸೆಪ್ಟೆಂಬರಿನವರೆಗೂ ರಿಪೇರಿಯಾಗಲಿಲ್ಲ, ಏಕೆಂದರೆ ಯಾರೂ ದೂರಿದ ದಾಖಲೆಯೇ ಇರಲಿಲ್ಲ. ಹೊಟ್ಟೆಪಾಡಿಗೆ ನಾನು ಬರೆದ ಸುಳ್ಳನ್ನು ಮಗಳ ಬಾಯಲ್ಲಿ ಪಾಠವಾಗಿ ಕೇಳುವುದು ನನ್ನಿಂದಾಗದು.

ಆದ್ದರಿಂದ ಅವಳ ಶಬ್ದಗಳನ್ನು ಅವಳಿಗೆ ಹಾಗೆಯೇ ಹಿಂದಿರುಗಿಸಿ. ಧೈರ್ಯ ಸಾಲದಿದ್ದರೆ ಭಾಷಣವನ್ನೇ ರದ್ದು ಮಾಡಿ. ಆದರೆ ಹೆದರಿ ರದ್ದು ಮಾಡಿದೆವು ಎಂದು ನೀವೇ ಅವಳೆದುರು ಹೇಳಿ. ಅಷ್ಟು ಕನ್ನಡ ಅವಳಿಗೆ ಅರ್ಥವಾಗುತ್ತದೆ.

ಇಂತಿ,
ಹೆಸರು ಮಾತ್ರ ಹಾಕಬೇಡಿ ಎಂದು ಹೆಂಡತಿ ಅಮಿತಾ ಬೇಡಿಕೊಂಡರೂ ಹಾಕಿದ,
ಗುಣಪಾಲ