ಸೊಂಟದ ಮೂರು ಇಂಚು

ಸೋಮವಾರ, ಮಾರ್ಚ್ ೯
ಹೊಲಿಗೆ ಅಂಗಡಿಯಿಂದ

ಪ್ರೀತಿಯ ಗುಂಡನಿಗೆ ಅಕ್ಕ ಮಾಡುವ ಆಶೀರ್ವಾದ.

ಫೋನು ಮಾಡಿದರೆ "ಬಸ್ಸು ಹೊರಡ್ತಿದೆ ಅಕ್ಕಾ" ಎಂದು ಇಟ್ಟುಬಿಡುತ್ತೀಯ. ಕಾಗದದ ಮುಂದೆ ಆ ಆಟ ನಡೆಯದು. ಕೂತು ಓದು.

ಶನಿವಾರ ಪ್ಯಾಂಟು ತಂದವನು "ನೋಡೇ, ಹೊಟ್ಟೆ ತಾನಾಗೇ ಕರಗೋಯ್ತು! ಡಯೆಟ್ಟೂ ಇಲ್ಲ, ಗಿಯೆಟ್ಟೂ ಇಲ್ಲ" ಎಂದು ಬೀಗಿದೆ. ನಾನೂ "ಮದುಮಗನ ಥರ ಕಾಣ್ತೀಯ ಕಣೋ" ಎಂದು ಹೊಗಳಿ ಸಡಿಲವಾಗಿದ್ದ ಸೊಂಟ ಹಿಡಿದು ಹೊಲಿದುಕೊಟ್ಟೆ. ನೀನು ಹೋದ ಮೇಲೆ ಅಳತೆ ಪುಸ್ತಕ ತೆರೆದರೆ ಕೈ ನಿಂತಿತು. ಮೂವತ್ತೆಂಟು, ಮೂವತ್ತೆಂಟೂವರೆ, ಮೂವತ್ತೊಂಬತ್ತು. ಈಗ ಇದ್ದಕ್ಕಿದ್ದಂತೆ ಮೂವತ್ತಾರು. ಹಳೆಯ ಪುಸ್ತಕದಲ್ಲಿ ಅಪ್ಪನ ಪುಟ ಹುಡುಕಿದೆ. ಕೊನೆಯ ವರ್ಷ ಅವರದ್ದೂ ಹೀಗೇ ಇಳಿದಿದೆ. ಆಗ ಹಿಡಿದು ಹೊಲಿದವಳೂ ನಾನೇ. ರಕ್ತ ಹೋಗುತ್ತಿದ್ದರೂ ಅವರು ಪೈಲ್ಸ್ ಎಂದೇ ದಿನ ತಳ್ಳಿದರು. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವಾಗ ಕಾಲ ಮೀರಿತ್ತು.

ನಿನ್ನ ಹೆಂಡತಿಯನ್ನು ಬೈಯಬೇಡ, ಕೆದಕಿದವಳು ನಾನು. "ಎರಡು ತಿಂಗಳಿಂದ ಮಲದಲ್ಲಿ ರಕ್ತ ಹೋಗ್ತಿದೆ ಅತ್ತಿಗೆ. ಕೇಳಿದ್ರೆ ಸೀಟಿನ ಬಿಸಿಗೆ ಪೈಲ್ಸ್ ಆಗಿದೆ ಅಂತಾರೆ" ಎಂದು ಅತ್ತಳು.

ಪೈಲ್ಸೇ ಇರಬಹುದು. ಅದನ್ನು ಡಾಕ್ಟರು ಹೇಳಲಿ, ಡ್ರೈವರು ಹೇಳುವುದು ಬೇಡ. ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ, ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆಗೆ ನಿನ್ನ ಹೆಸರು ಬರೆಸಿದ್ದೇನೆ. ಡಿಪೋದಲ್ಲಿ ರಜೆಗೂ ಹೇಳಿಯಾಗಿದೆ.

ಇನ್ನು ಊಟದ ಮಾತು. ನಿನ್ನ ತಟ್ಟೆಯಲ್ಲಿ ಹಸಿರು ಕಂಡು ಎಷ್ಟು ದಿನವಾಯಿತು? ತಟ್ಟೆಯಂಚಿನ ಬಳ್ಳಿಯ ಚಿತ್ರ ಲೆಕ್ಕಕ್ಕಿಲ್ಲ. ಸೊಪ್ಪು, ಕಾಳು, ಹಣ್ಣು ದಿನಾ ಇರಲಿ. ಡಬ್ಬದ ಮಾಂಸ ಬಿಡು, ಕುರಿ, ಮೇಕೆಯಂಥ ಕೆಂಪು ಮಾಂಸ ಅಪರೂಪಕ್ಕೆ ಸಾಕು. ಸಿಗರೇಟು, ಗ್ಲಾಸು ಎರಡಕ್ಕೂ ಕೈ ಮುಗಿ. ಟ್ರಿಪ್ಪು ಮುಗಿದರೆ ಇಳಿದು ಅರ್ಧ ಗಂಟೆ ನಡಿ. ಹೀಗಿದ್ದರೆ ರೋಗ ಬರುವುದೇ ಇಲ್ಲವೆಂದಲ್ಲ, ಬರುವ ಸಂಭವ ಕಡಿಮೆ. ಆದರೆ ಸೊಪ್ಪು ತಿಂದೆನೆಂದು ಪರೀಕ್ಷೆ ತಪ್ಪಿಸಲು ಬಿಡೆನು.

ಇಂತಿ,
ನಿನ್ನ ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಹೋದ ತಿಂಗಳು ಗೆಳತಿಯ ಮನೆಗೆ ಹೋಗಿದ್ದೆ ಎಂದದ್ದು ಸುಳ್ಳು. ಅದೇ ಪರೀಕ್ಷೆ ಮಾಡಿಸಿಕೊಂಡೆ. ಕರುಳಿನಲ್ಲಿ ಎರಡು ಸಣ್ಣ ಗಂಟುಗಳಿದ್ದವು. ಕ್ಯಾನ್ಸರಿಗೆ ತಿರುಗುವ ಮೊದಲೇ ತೆಗೆದರು. ಚೆನ್ನಾಗಿದ್ದೇನೆ. "ಒಡಹುಟ್ಟಿದವರಿದ್ರೆ ಅವರನ್ನೂ ಕಳಿಸಿ" ಎಂದು ಡಾಕ್ಟರು ಅಂದೇ ಹೇಳಿದ್ದರು. ನಾಚಿಕೆಗೆ ನಾಲ್ಕು ವಾರ ಬಾಯಿ ಮುಚ್ಚಿಕೊಂಡಿದ್ದೆ. ಗುರುವಾರ ಬಾಗಿಲಾಚೆಯೇ ಕೂತಿರುತ್ತೇನೆ. ಬೈಯುವುದಿದ್ದರೆ ಮೊದಲು ಒಳಗೆ ಹೋಗಿ ಬಂದು, ಆಮೇಲೆ ಬೈ.