ಇಪ್ಪತ್ತೊಂದನೆಯ ಹೆಸರು

೧೮೯೪ ಫೆಬ್ರವರಿ ೨೬, ಸೋಮವಾರ

ಆರಕ್ಕೆ ಮಸ್ಟರ್ ಕೂಗಿ ಹಾಜರಿ ಬರೆದೆ. ಘಟ್ಟದ ಮೇಲಕ್ಕೆ ಸಾಮಾನು ಎಳೆಯುವ ತಂತಿದಾರಿಗೆ ನೂರಾ ನಲವತ್ತು ಆಳು, ಜ್ವರ ಹನ್ನೊಂದು, ಓಡಿಹೋದವರು ಇಬ್ಬರು. ಮೇಲಿನ ಕ್ಯಾಂಪಿಗೆ ಸುಣ್ಣದ ಮೂಟೆ ಹತ್ತಿಸುವುದರಲ್ಲೇ ಮಧ್ಯಾಹ್ನ.

ಸಂಜೆ ತಂತಿದಾರಿಯ ದೊರೆ ಮತ್ತೆ ಆ ಚರ್ಮದ ಮೊಟ್ಟೆ ತಂದ. ಚೆಂಡು ಎನ್ನಲು ಮನಸ್ಸು ಬಾರದು. ನೆಲಕ್ಕೆ ಬಿದ್ದರೆ ಎತ್ತ ಹಾರಬೇಕೆಂದು ಅದಕ್ಕೇ ಗೊತ್ತಿಲ್ಲ. ಇಪ್ಪತ್ತು ಜನ ಒಂದು ಕಡೆ, ಇಪ್ಪತ್ತು ಇನ್ನೊಂದು ಕಡೆ. ಒದೆಯಬಹುದು, ಹಿಡಿಯಬಹುದು, ಗುದ್ದಬಹುದು. ಎಸೆಯಬಾರದಂತೆ. ಏಕೆ? ಕೇಳಲಿಲ್ಲ.

ಇದು ಅವನ ಊರಿನ ಆಟ. ಊರು ಯಾವುದೆಂದರೆ ಮೆಲ್ಬರ್ನ್ ಎಂದನಂತೆ. ಗೂಡಲೂರಿನವರಿಗೆ ಅದು ಮಲಬಾರ್ ಎಂದು ಕೇಳಿಸಿದೆ. ಈಗ ಎಲ್ಲರಿಗೂ ಅವನು ಮಲಬಾರ್ ದೊರೆ. ಘಟ್ಟದಾಚೆಯವನಿಗೆ ಮಲಯಾಳ ಏಕೆ ಬಾರದು ಎಂದು ಗಂಜಿ ಮಾರುವ ವೆಳ್ಳೈಯಮ್ಮಾಳಿಗೆ ಇನ್ನೂ ಸಂಶಯ.

ಈ ಕನ್ನಡ ಅಕ್ಷರ ಬಳ್ಳಾರಿಯ ಸ್ಟೋರ್ ರೈಟರ್ ಕಲಿಸಿದ್ದು. ಮನೆಯಲ್ಲಿ ಆಡುವುದು ಕನ್ನಡವಾದರೂ ಇಲ್ಲಿ ನಮ್ಮವರಾರಿಗೂ ಓದಲು ಬಾರದು. ಒಳ್ಳೆಯದೇ ಆಯಿತು. ಧೈರ್ಯವಾಗಿ ಬೈಯಬಹುದು.

ಮಾರ್ಚ್ ೩, ಶನಿವಾರ

ಮೇಲಿನ ಕ್ಯಾಂಪಿನ ಜೊತೆ ಮೊದಲ ಪಂದ್ಯ. ಲೆಕ್ಕ ಬರೆಯುವ ಕೆಲಸ ನನ್ನದು. ಅವರಿಗೆ ಗೋಲ್ ಮೂರು, ಬಿಹೈಂಡ್ ನಾಲ್ಕು. ನಮಗೆ ಗೋಲ್ ಎರಡು, ಬಿಹೈಂಡ್ ಒಂಬತ್ತು. ಕೂಡಿಸಿದೆ. ಹನ್ನೊಂದಕ್ಕೆ ಏಳು. ಗೆದ್ದೆವು ಎಂದು ಕೂಗಿಯೂ ಬಿಟ್ಟೆ. ಬಂಡಿ ಹೊಡೆಯುವ ಪಳನಿಸಾಮಿ ವೇಷ್ಟಿ ಎತ್ತಿ ಕಟ್ಟಿ ಕುಣಿದ.

ಸೋತಿದ್ದೇವಂತೆ. ಬಿಹೈಂಡ್ ಎಂದರೆ ಗುರಿ ತಪ್ಪಿದ್ದು. ಬರೆಯಬೇಕು, ಕೂಡಿಸಬಾರದು ಎಂದ ದೊರೆ. ಕೂಡಿಸದ ಲೆಕ್ಕವನ್ನು ಯಾವ ಸೀಮೆಯಲ್ಲಿ ಬರೆಯುತ್ತಾರೆ? ನಾನು ತಲೆಯಾಡಿಸಿದೆ. ದೊರೆ ಏನು ಹೇಳಿದರೂ ತಲೆಯಾಡಿಸುತ್ತೇನೆ. ನನ್ನ ಇಂಗ್ಲಿಷಿನಲ್ಲಿ ಮುಕ್ಕಾಲು ಪಾಲು ಅದೇ.

ತಂಗವೇಲ್ ಮೂರು ಸಲ ಕೈಬಿಟ್ಟ. ನನ್ನ ತಂಗಿ ಆಂಡಾಳ್‌ಳ ಗಂಡ, ಕಲ್ಲು ಕ್ವಾರಿಯ ಆಳು. ಹೋದ ತಿಂಗಳೆಲ್ಲ ಅವನೇ ಎಲ್ಲರಿಗಿಂತ ಎತ್ತರಕ್ಕೆ ಹಾರಿ ಮೊಟ್ಟೆ ಹಿಡಿಯುತ್ತಿದ್ದ. ಇವತ್ತು ಕೈಗೆ ಬಂದದ್ದೂ ಜಾರಿತು.

ಹದಿನೇಳಕ್ಕೆ ಕೊನೆಯ ಪಂದ್ಯ, ನಮ್ಮ ಗದ್ದೆ ಬಯಲಿನಲ್ಲಿ. ಆಡಿದವರನ್ನೆಲ್ಲ ತನ್ನ ತಂತಿದಾರಿಯ ಕೆಲಸಕ್ಕೆ ತೆಗೆದುಕೊಳ್ಳುತ್ತಾನಂತೆ ದೊರೆ. ಕ್ವಾರಿಯವರಾದರೂ ಸರಿಯೇ. ಇಷ್ಟು ಮಾತ್ರ ನನಗೆ ಸ್ಪಷ್ಟವಾಗಿ ಅರ್ಥವಾಯಿತು.

ಮಾರ್ಚ್ ೬, ಮಂಗಳವಾರ

ವೆಳ್ಳೈಯಮ್ಮಾಳ್‌ಳ ಚಪ್ಪರದಲ್ಲಿ ಗಂಜಿಗಿಂತ ಬಾಯೇ ಹೆಚ್ಚು. ಯಾರನ್ನು ತೆಗೆಯಬೇಕು, ಯಾರನ್ನು ಹಾಕಬೇಕು. ದೊರೆಗಿಲ್ಲದ ಚಿಂತೆ ಇವರಿಗೆ.

ಪಳನಿಸಾಮಿ ಶುರು ಮಾಡಿದ. "ತಂಗವೇಲಂದು ಈಗ ಬೆಣ್ಣೆ ಕೈ. ಅವನ್ನ ಎತ್ತಿ ಬಿಟ್ಟು ಲಕ್ಷ್ಮಣನ್ನ ಹಾಕ್ಲಿ."

"ಅವನು ನಿನ್ನ ಅಕ್ಕನ ಮಗ ಅಂತ ನೇರವಾಗಿ ಹೇಳು," ಎಂದಳು ವೆಳ್ಳೈಯಮ್ಮಾಳ್. "ಸುತ್ತಿ ಬಳಸಿ ಯಾಕೆ ಬರ್ತಿ?"

"ಅಕ್ಕನ ಮಗ ಆದ್ರೆ ಏನು, ಓಡ್ತಾನೋ ಇಲ್ವೋ?"

"ಓಡ್ತಾನೆ. ಎಲ್ಲಿಗೆ ಓಡ್ತಾನೆ ಅಂತ ಅವನಿಗೇ ತೆರಿಯಾದು."

ಕಂಬಂನ ತಂಬಿರಾನ್ ಎಂಬ ದೇವರ ದನದ ಹಿಂಡಿನಲ್ಲಿ ಇಷ್ಟು ತಕರಾರಿಲ್ಲ ಎಂದ ಒಬ್ಬ ಮುದುಕ. ಪಟ್ಟದ ಹೋರಿ ಸತ್ತರೆ ಹಿಂಡಿನ ಮುಂದೆ ಕಬ್ಬು ಇಡುತ್ತಾರೆ. ಯಾವ ಹೋರಿ ಬಂದು ತಿನ್ನುತ್ತದೋ ಅದಕ್ಕೇ ಪಟ್ಟ. ದೇವರು ಆರಿಸಿದ್ದು, ಯಾರೂ ಎದುರಾಡುವಂತಿಲ್ಲ. ಇವರ ಮುಂದೆಯೂ ಕಬ್ಬು ಇಡೋಣ ಎಂದ ಪಳನಿಸಾಮಿ. ನಿನ್ನ ಲಕ್ಷ್ಮಣನ್ ಕಟ್ಟಿನ ಹಗ್ಗವನ್ನೂ ತಿಂದಾನು ಎಂದಳು ಅವಳು.

ಆಮೇಲೆ ನನ್ನ ಕಡೆ ತಿರುಗಿದರು. ಸುಮ್ಮನಿರಬೇಕಿತ್ತು. ತಂಗಿಯ ಗಂಡನ ಪಕ್ಷ ಎಂದಾರು ಎಂದುಕೊಂಡು, "ಕೈ ಸ್ವಲ್ಪ ಬೆಣ್ಣೆಯೇ," ಅಂದುಬಿಟ್ಟೆ. ಏಕೆ ಅಂದೆನೋ. ನ್ಯಾಯಸ್ಥ ಎನಿಸಿಕೊಳ್ಳುವ ಚಪಲ.

ಮಾರ್ಚ್ ೭, ಬುಧವಾರ

ಆಂಡಾಳ್ ಬಂದಿದ್ದಳು. ಏಳು ತಿಂಗಳ ಬಸುರಿ. ಕೂರಲೂ ಕಷ್ಟ, ಏಳಲೂ ಕಷ್ಟ. ಕ್ವಾರಿಯಲ್ಲಿ ದಿನವೆಲ್ಲ ಉಳಿ ಹಿಡಿದು ತಂಗವೇಲನ ಬೆರಳು ಮರಗಟ್ಟಿವೆಯಂತೆ. ತಟ್ಟೆಯ ತುತ್ತೇ ಜಾರುತ್ತದಂತೆ. ನಾನು ಬೆಣ್ಣೆ ಎಂದಿದ್ದೆ.

"ಅಣ್ಣಾ, ಆ ಇಪ್ಪತ್ರಲ್ಲಿ ಅವ್ರು ಇರ್ಬೇಕು. ಆಟ ಗೆದ್ರೂ ಸೆರಿ, ಸೋತ್ರೂ ಸೆರಿ. ಕ್ವಾರಿ ಬಿಟ್ಟು ಬಂದ್ರೆ ಸಾಕು. ಇಲ್ದಿದ್ರೆ ಒಂದಿಲ್ಲ ಒಂದು ದಿನ ಎಮರ್ಜೆನ್ಸಿಗೆ ಹಾಕ್ತಾರೆ."

ಎಮರ್ಜೆನ್ಸಿ. ಇಲ್ಲಿ ಎಲ್ಲರೂ ಬಲ್ಲ ಇಂಗ್ಲಿಷ್ ಇದೊಂದೇ. ಮದ್ದು ತುಂಬಿದ ಕುಳಿ ಸಿಡಿಯದಿದ್ದರೆ ಒಳಗೆ ಹೋಗಿ ನೋಡುವ ಗ್ಯಾಂಗ್. ಆರು ಜನ. ಪೊಂಗಲ್ ಆದಮೇಲೆ ಮೂವರು ಹೋದವರು ಬರಲಿಲ್ಲ. ಗೂಡಲೂರಿನಲ್ಲಿ ಹೆಂಗಸರು ಶಾಪ ಹಾಕುವುದೂ ಈಗ ಅದೇ ಮಾತಿನಲ್ಲಿ.

ದೊರೆಗೆ ಹೇಳುತ್ತೇನೆ ಎಂದೆ. ಅವಳು ನಂಬಿಕೊಂಡು ಹೋದಳು.

ಮಾರ್ಚ್ ೧೫, ಗುರುವಾರ. ಸಂಜೆ

ದೊರೆಗೆ ಹೇಳಲಿಲ್ಲ. ನಾಲ್ಕು ಸಲ ಹತ್ತಿರ ಹೋದೆ. ಬೆರಳು ಮರಗಟ್ಟುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕು...

ಇವತ್ತು ಲಿಸ್ಟ್ ಕೊಟ್ಟ. ತಮಿಳಿನಲ್ಲಿ ಬರೆದು ಹುಣಸೆಮರಕ್ಕೆ ಅಂಟಿಸಬೇಕು. ಇಪ್ಪತ್ತು ಹೆಸರು, ಪಕ್ಕದಲ್ಲಿ ಏನೇನೋ. ಫಾಲೋವರ್ ಎಂದರೆ ಹಿಂಬಾಲಿಸುವವನು. ಆದರೆ ಅವನೇ ಎಲ್ಲರಿಗಿಂತ ಮುಂದೆ ಓಡುವುದು. ಇರಲಿ. ಕೆಳಗೆ, ಇನ್: ಲಕ್ಷ್ಮಣನ್. ಔಟ್: ತಂಗವೇಲ್.

ಅದರ ಕೆಳಗೆ ಇನ್ನೊಂದು ಸಾಲು. ಎಮರ್ಜೆನ್ಸಿ: ತಂಗವೇಲ್.

ಎರಡು ಸಲ ಓದಿದೆ. ದೊರೆ ಆ ಸಾಲಿನ ಮೇಲೆ ಬೆರಳಿಟ್ಟು ಏನೋ ಹೇಳಿದ. ರೆಡಿ ಎಂಬುದು ಕೇಳಿಸಿತು. ಬೂಟ್ ಎಂಬುದು ಕೇಳಿಸಿತು. ಕ್ವಾರಿಯ ಎಮರ್ಜೆನ್ಸಿಯವರಿಗೂ ಬೂಟ್ ಕೊಡುತ್ತಾರೆ. ಹಾಗಾದರೆ ಅದೇ. ಆದರೆ ಕ್ವಾರಿ ಬೇರೆ ಕಾಂಟ್ರಾಕ್ಟರನದು. ತಂತಿದಾರಿಯ ದೊರೆ ಅಲ್ಲಿಗೆ ಆಳು ಹಾಕುವುದು ಎಲ್ಲಿಯ ಕ್ರಮ? ಮೂರು ಸಲ ಕೈಬಿಟ್ಟದ್ದಕ್ಕೆ ಇಷ್ಟು ಶಿಕ್ಷೆಯೇ? ಅವರ ದೇಶದಲ್ಲಿ ಹಾಗೇ ಇರಬಹುದು. ಗುರಿ ತಪ್ಪಿದ್ದನ್ನೂ ಬರೆದಿಡುವ ಜನ.

ಕೇಳಬಹುದಿತ್ತು. ಹತ್ತು ಹೆಜ್ಜೆ ಆಚೆ ಕುದುರೆಗೆ ಜೀನು ಬಿಗಿಯುತ್ತಿದ್ದ. ಒಂದು ಮಾತು ಕೇಳಿದರೆ ಹಿಂದೆ ತಲೆಯಾಡಿಸಿದ್ದೆಲ್ಲ ಹೊರಗೆ ಬರುತ್ತದೆ. ದಿಂಡಿಗಲ್‌ನಲ್ಲಿ ಮೆಟ್ರಿಕ್ಯುಲೇಷನ್ ಓದಿದವರು ಈ ಕೆಲಸಕ್ಕೆ ಕಾಯುತ್ತಿದ್ದಾರೆ. ತಲೆಯಾಡಿಸಿದೆ. ಹೋದ.

ತಮಿಳಿನಲ್ಲಿ ಬರೀ ಎಮರ್ಜೆನ್ಸಿ ಎಂದು ಬರೆದರೆ ಬೋಳಾಗಿ ಕಂಡಿತು. "ವೇಲೈ" ಎಂದು ಸೇರಿಸಿದೆ. ಎಮರ್ಜೆನ್ಸಿ ಕೆಲಸ: ತಂಗವೇಲ್. ಅಂಟಿಸಿದೆ.

ಮಾರ್ಚ್ ೧೬, ಶುಕ್ರವಾರ

ಬೆಳಿಗ್ಗೆ ಮರದ ಕೆಳಗೆ ಗುಂಪು. ನಾನೇ ಓದಿ ಹೇಳಬೇಕಾಯಿತು. ಕೊನೆಯ ಸಾಲನ್ನು ಎರಡು ಸಲ ಓದಿಸಿದರು.

ಪಳನಿಸಾಮಿ ಖುಷಿಯಾಗಬೇಕಿತ್ತು. ಆಗಲಿಲ್ಲ. "ಆಟದಿಂದ ತೆಗೀಲಿ ಅಂದೆ ನಾನು. ಸಾಯ್ಲಿ ಅಂದ್ನಾ?"

ತಂಗವೇಲ್ ಹಿಂದೆ ನಿಂತಿದ್ದ. ಹತ್ತಿರ ಬಂದ. "ಮಚ್ಚಾನ್, ಇದು ನೀ ಬರ್ದಿದ್ದಾ?"

"ದೊರೆ ಬರ್ದಿದ್ದು. ನಾ ತಮಿಳಿಗೆ ತಿರುಗ್ಸಿದೆ."

"ಸೆರಿಯಾಗಿ ತಿರುಗ್ಸಿದ್ಯಾ?"

"ಆಮಾ."

ಅವನು ಬೆರಳು ಮಡಿಸಿ ಬಿಡಿಸಿ ನೋಡಿಕೊಂಡ. "ಮೂರ್ ಸಲ ಬಿಟ್ಟಿದ್ದು ನಿಜ ತಾನೆ. ಆಗ್ಲಿ ಬಿಡು." ಕ್ವಾರಿಯ ಕಡೆ ಹೊರಟ. ಅಲ್ಲಿ ಎಮರ್ಜೆನ್ಸಿಯವನೊಬ್ಬ ಜ್ವರದಲ್ಲಿ ಮಲಗಿದ್ದಾನೆ. ಮೇಸ್ತ್ರಿ ಎರಡು ಮಾತಿಲ್ಲದೆ ಇವನ ಹೆಸರು ಹಾಕಿಕೊಂಡನಂತೆ.

ವೆಳ್ಳೈಯಮ್ಮಾಳ್ ಗಂಜಿ ಕೊಡಲಿಲ್ಲ ನನಗೆ. "ಚೆಂಡು ಬಿಟ್ಟವನ್ನ ಮದ್ದಿನ ಬಾಯಿಗೆ ಕಳ್ಸೋ ಆಟ ಯಾವ ಊರಲ್ಲಿ ಐತೆ? ಮೊದ್ಲು ಹೋಗಿ ದೊರೆನ ಕೇಳ್ಕೊಂಡು ಬಾ. ಆಮೇಲೆ ಗಂಜಿ."

ಹೋದೆ. ದೊರೆ ಮೇಲಿನ ಕ್ಯಾಂಪಿಗೆ ಹೋಗಿದ್ದ. ಇಲ್ಲವೆಂದು ತಿಳಿದಾಗ ನನಗೆ ಹಾಯೆನಿಸಿತು. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ ೧೭, ಶನಿವಾರ. ಎರಡು ಗಂಟೆ

ಬಯಲಿನ ಅಂಚು. ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಉತ್ತಮಪಾಳಯಂವರೆಗಿನ ಬಂಡಿಯವರೆಲ್ಲ ಬಂದಿದ್ದಾರೆ. ಕ್ವಾರಿಗೆ ಮಾತ್ರ ರಜೆ ಇಲ್ಲ. ಐದಕ್ಕೆ ಮದ್ದು ಸಿಡಿಸುತ್ತಾರೆ, ದಿನದಂತೆ.

ದೊರೆ ಬಂದು ಕೇಳಿದ, ಟ್ವೆಂಟಿ ಒನ್ ರೆಡಿಯೇ ಎಂದು. ಟ್ವೆಂಟಿ ಎಂದಿರಬೇಕು, ನನಗೆ ತಪ್ಪಿ ಕೇಳಿಸಿರಬೇಕು. ಯೆಸ್ ಸರ್ ಎಂದೆ. ಈಗ ಎಣಿಸಿ ನೋಡಿದೆ. ಇರುವುದು ಇಪ್ಪತ್ತೇ.

ತಲೆ ಸರಿಯಿಲ್ಲ. ನಿದ್ದೆ ಇಲ್ಲ.

ನಾಲ್ಕೂವರೆ

ಬಂಡಿಯಲ್ಲಿದ್ದೇನೆ. ಅಕ್ಷರ ಕುಣಿಯುತ್ತಿದೆ. ಪಳನಿಸಾಮಿ ಎತ್ತುಗಳ ಬಾಲ ತಿರುಚುತ್ತಿದ್ದಾನೆ. ಸುಮ್ಮನೆ ಕೂರಲಾಗದು, ಅದಕ್ಕೇ ಬರೆಯುವುದು.

ಲಕ್ಷ್ಮಣನ್ ಬಿದ್ದ. ಗದ್ದೆಯ ಬಿರುಕಿನಲ್ಲಿ ಕಾಲು ಸಿಕ್ಕಿ ಹರಡು ಮುರಿಯಿತು. ಹೊತ್ತು ತಂದರು. ದೊರೆ ನನ್ನ ಕಡೆ ಬಂದು ಕೂಗಿದ, ಎಮರ್ಜೆನ್ಸಿ ಎಲ್ಲಿ, ನನ್ನ ಎಮರ್ಜೆನ್ಸಿ ಎಲ್ಲಿ. ನಾನು ಕ್ವಾರಿ ಸರ್ ಎಂದೆ. ಅವನು ನಕ್ಕ. ನಾನು ನಗಲಿಲ್ಲ. ಆಗ ಅವನೂ ನಿಲ್ಲಿಸಿದ.

ಜೀವನದಲ್ಲಿ ಮೊದಲ ಸಲ ಕೇಳಿದೆ. ವಾಟ್ ಮೀನಿಂಗ್ ಸರ್.

ಬಿದ್ದವನ ಜಾಗಕ್ಕೆ ಹೋಗುವವನು. ಅಷ್ಟೇ. ಬೂಟ್ ಹಾಕಿಕೊಂಡು ರೆಡಿಯಾಗಿ ಅಂಚಿನಲ್ಲಿ ಕೂತಿರಬೇಕಾದವನು. ಬಿಟ್ಟವನಲ್ಲ, ಟೀಮಿನವನೇ. ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳಿದ, ಎಲ್ಲವೂ ಅರ್ಥವಾಯಿತು. ತಂತಿದಾರಿಗೂ ಅವನ ಹೆಸರು ಬರೆದಿದ್ದೇನಲ್ಲ ಎಂದ.

ನಾನು ಪೂರ್ತಿ ಹೇಳುವ ಮುಂಚೆಯೇ ಪಳನಿಸಾಮಿ ಬಂಡಿ ಕಟ್ಟಿದ್ದ. "ಹತ್ತು, ಹತ್ತು," ಎಂದ. ಕ್ವಾರಿ ಎರಡು ಮೈಲಿ. ಐದರೊಳಗೆ

ಐದೂ ಇಪ್ಪತ್ತು

ಕ್ವಾರಿಯ ಬಾಗಿಲು. ಕೆಂಪು ಬಾವುಟ ಏರಿಸಿದ್ದಾರೆ. ಯಾರನ್ನೂ ಒಳಗೆ ಬಿಡುವುದಿಲ್ಲ.

ಹೊಲದ ದಾರಿಯಲ್ಲಿ ಚಕ್ರ ಹೂತುಹೋಯಿತು. ಇಳಿದು ಓಡಿದೆ. ಓಡುತ್ತಲೇ ಸದ್ದು ಎಣಿಸಿದೆ. ಹನ್ನೊಂದು. ಇವತ್ತು ತುಂಬಿದ ಕುಳಿ ಹನ್ನೆರಡು ಎಂದ ಮೇಸ್ತ್ರಿ. ಹೊಸಬ ಎಂದು ತಂಗವೇಲನನ್ನೇ ಮುಂದೆ ಕಳಿಸಿದ್ದಾನೆ. ಹೋಗಿ ಕಾಲು ಗಂಟೆಯಾಯಿತು. ಕೂಗಿ ಕರೆಯಿರಿ ಎಂದೆ, ಕಾಲು ಹಿಡಿದೆ. ಕೂಗಿದರೆ ಅವನು ಬೆಚ್ಚಿಬಿದ್ದಾನು, ಬಾಯಿ ಮುಚ್ಚಿಕೊಂಡು ಕೂರು ಎಂದ.

ಆಂಡಾಳ್ ನನಗಿಂತ ಮೊದಲೇ ಬಂದು ಕಲ್ಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ. ಬಿದ್ದವನ ಜಾಗಕ್ಕೆ ಹೋಗುವವನು ಎಂದು ಹೇಳಿದೆ. ತಂತಿದಾರಿಗೆ ಹೆಸರಿತ್ತು ಎಂಬುದನ್ನೂ ಹೇಳಿದೆ.

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಕೇಳಿದಳು. "ಆ ಮಾತಿಗೆ ಅದು ಅರ್ಥ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ ಆಂಡಾಳ್. ತಾಯಾಣೆಗೂ."

"ಗೊತ್ತಿಲ್ಲ ಅನ್ನೋದು ಗೊತ್ತಿತ್ತಾ?"

ಅವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ನಾನು ಕಾಗದ ನೋಡುತ್ತಿದ್ದೇನೆ. ಗೊತ್ತಿತ್ತು. ಗುರುವಾರ ಸಂಜೆ, ಜೀನು ಬಿಗಿಯುವಾಗಲೇ ಗೊತ್ತಿತ್ತು. ಈ ಸಾಲು ಮುಗಿಸಿ ಅವಳಿಗೆ ಹೇಳುತ್ತೇನೆ. ಕುಳಿಗಳ ಕಡೆ ನೋಡುತ್ತ ಮೇಸ್ತ್ರಿ ಎದ್ದು ನಿಂತ. ಎಲ್ಲರೂ ಏಳುತ್ತಿದ್ದಾರೆ. ಆಂಡಾಳೂ ಏಳುತ್ತಿದ್ದಾಳೆ, ಹೊಟ್ಟೆ ಹಿಡಿದುಕೊಂಡು, ನನ್ನ ಹೆಗಲ ಮೇಲೆ ಕೈ ಊರಿ. ನಾನು