ಕಳೆದ ವರ್ಷದ ಅಂಕಿ

ಮಾರ್ಚ್ ೧೪, ಮಂಗಳವಾರ

ಸಂಜೆಯ ಮಾತು ತಲೆಯಿಂದ ಹೋಗುತ್ತಿಲ್ಲ. ನನ್ನ ಸಂಶೋಧನಾ ವಿದ್ಯಾರ್ಥಿನಿ ನಾನು ಹತ್ತೊಂಬತ್ತು ವರ್ಷ ಬರೆದಿಟ್ಟ ಕಾಡುಮರಗಳ ಸುತ್ತಳತೆಯ ಪಟ್ಟಿ ಹಿಡಿದು ಬಂದಿದ್ದಳು.

"ಮೇಡಂ, ಮಳೆ ಕಮ್ಮಿಯಾದ ವರ್ಷ ಕಾಂಡ ಸ್ವಲ್ಪ ಕುಗ್ಗಬೇಕಲ್ವಾ? ಇಲ್ಲಿ ಒಂದು ಮರವೂ ಕುಗ್ಗಿಲ್ಲ."

ಕುಗ್ಗಿದ್ದವು. ಟೇಪು ಹಿಡಿಯುತ್ತಿದ್ದ ಕಾಡಿನ ಕಾವಲುಗಾರ ಅಂಥ ಮೊದಲ ವರ್ಷವೇ ಹೇಳಿದ್ದ, "ಹೋದ ವರ್ಷಕ್ಕಿಂತ ಕಮ್ಮಿ ಬರ್ತಿದೆ ಮೇಡಮ್ಮ." ಮರ ಸಣ್ಣಗಾಗುವುದಿಲ್ಲ, ನಿನ್ನ ಕೈ ತಪ್ಪಿದೆ ಎಂದೆ. "ನೀರಿಲ್ಲದಿದ್ರೆ ನಾನೇ ಸೊರಗ್ತೀನಿ, ಅದೇನು ಕಲ್ಲಾ?" ಎಂದು ನಕ್ಕ. ನಾನು ಕಳೆದ ವರ್ಷದ ಅಂಕಿಯನ್ನೇ ಮತ್ತೆ ಬರೆದುಕೊಂಡೆ. ಆಮೇಲೆ ಅದೇ ರೂಢಿಯಾಯಿತು.

ಇದನ್ನು ಹೇಳಿದಾಗ ಅವಳು ನನ್ನ ಮುಖ ನೋಡಲಿಲ್ಲ. "ಕಾಡಿಗೆ ಒಯ್ತಿದ್ದ ಪುಸ್ತಕದಲ್ಲಿ ನಿಜವಾದ ಅಳತೆ ಇರಬಹುದು, ಮೇಡಂ" ಎಂದಳು. ಅವಳ ಮೂರು ವರ್ಷದ ಕೆಲಸ ಈ ಪಟ್ಟಿಯ ಮೇಲೆಯೇ ನಿಂತಿದೆ. ಹತ್ತೊಂಬತ್ತು ಪುಸ್ತಕಗಳನ್ನೂ ತೆರೆದು ನೋಡಿದೆವು. ಅಲ್ಲಿಯೂ ಅದೇ ಅಂಕಿ, ನನ್ನದೇ ಅಕ್ಷರ. ಅವನು ಓದಿ ಹೇಳಿದ್ದು ಎಲ್ಲಿಯೂ ಇಲ್ಲ.

"ಪರವಾಗಿಲ್ಲ ಮೇಡಂ" ಎಂದು ಅವಳೇ ನನಗೆ ಸಮಾಧಾನ ಹೇಳಿ ಹೋದಳು. ಅದು ಹೆಚ್ಚು ಚುಚ್ಚಿತು.

ಅಚ್ಚಾದ ಲೇಖನಗಳಿಗೆಲ್ಲ ತಿದ್ದುಪಡಿ ಕಳಿಸಬೇಕು. ಬರೆಯಲು ಕೂತೆ. ಅಳೆದವನು ಸರಿಯಾಗಿಯೇ ಅಳೆದಿದ್ದ ಎಂಬ ಒಂದು ಸಾಲಾಯಿತು. ಮುಂದಿನ ಸಾಲು ನನ್ನ ಬಗ್ಗೆ, ಅದಕ್ಕೆ ಈಗ ಕೈ ಹಾಕುತ್ತೇನೆ.